ಜೀವವಿಲ್ಲದ ರಸ, ಕಾಕಾನ ಬೋರಿನ ನೀರು

ನಾನು ನಗಿಸುವ ಮನುಷ್ಯನಲ್ಲ. ನನ್ನ ವಿದ್ಯಾರ್ಥಿಗಳನ್ನು ಕೇಳಿದರೆ ಅವರೂ ಹೌದೆನ್ನುತ್ತಾರೆ. ಆದರೂ ಗದಗಿನ ನಮ್ಮ ಕಾಲೇಜಿನ ಎರಡು ಕೋಣೆಯ ಪ್ರಯೋಗಾಲಯದಲ್ಲಿ ವಾರಕ್ಕೊಂದಾದರೂ ನಗುವಂಥದು ನಡೆಯದೆ ಬಿಡುವುದಿಲ್ಲ. ನಡೆದಾಗ ನಾನು ನಗಲಿಲ್ಲ, ಬೈದೆ. ಈಗ ಬರೆಯಲು ಕೂತಾಗ ನಗು ಬರುತ್ತದೆ, ಅರ್ಧಕ್ಕೇ ನಿಲ್ಲುತ್ತದೆ.

೧. ಹೆಪ್ಪು

ಮೊದಲು ನಮ್ಮ ಕೆಲಸ ಏನೆಂದು ಹೇಳಬೇಕು. ಬ್ಯಾಕ್ಟೀರಿಯಾ ಬೆಳೆಸುತ್ತೇವೆ, ಒಡೆಯುತ್ತೇವೆ, ಸಿಪ್ಪೆ ಎಸೆದು ಒಳಗಿನ ರಸವನ್ನಷ್ಟೇ ಇಟ್ಟುಕೊಳ್ಳುತ್ತೇವೆ. ಆ ರಸಕ್ಕೆ ಜೀವವಿಲ್ಲ. ಆದರೆ ಜೀವಕೋಶದ ಒಳಗಿನ ಯಂತ್ರಗಳು ಅದರಲ್ಲಿ ಇನ್ನೂ ಕೆಲವು ತಾಸು ದುಡಿಯುತ್ತವೆ. ನಾವು ಡಿ.ಎನ್.ಎ.ಯಲ್ಲಿ ಬರೆದ ಸೂಚನೆಯನ್ನು ಹಾಕಿದರೆ ಓದಿ, ಹೇಳಿದಂತೆ ಮಾಡುತ್ತವೆ. ನಮ್ಮ ಸೂಚನೆ ಒಂದೇ: ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹಳದಿಯಾಗು, ಇಲ್ಲದಿದ್ದರೆ ಸುಮ್ಮನಿರು. ಇಂಥ ಸೂಚನೆಯನ್ನು ಸರ್ಕ್ಯೂಟ್ ಎನ್ನುತ್ತೇವೆ. ಜೀವಂತ ಬ್ಯಾಕ್ಟೀರಿಯಾದೊಳಗೆ ಒಂದು ಸರ್ಕ್ಯೂಟ್ ತಪ್ಪೋ ಸರಿಯೋ ತಿಳಿಯಲು ವಾರ ಬೇಕು. ಈ ರಸದಲ್ಲಾದರೆ ಬೆಳಿಗ್ಗೆ ಹಾಕಿ ಸಂಜೆಗೆ ನೋಡಬಹುದು.

ಆದರೆ ರಸ ತೆಗೆಯಲು ಎರಡು ದಿನ ಹಿಡಿಯುತ್ತದೆ. ನನ್ನ ಮೇಲಿನ ಕನಿಕರದಿಂದ ನಮ್ಮ ಅಟೆಂಡರ್ ಕಾಕಾ ಒಂದು ಉಪಾಯ ಮಾಡಿದರು. ಚಲೋ ಬಂದ ರಸದಲ್ಲಿ ಎರಡು ಚಮಚೆ ತೆಗೆದು, ಬ್ಯಾಕ್ಟೀರಿಯಾಕ್ಕೆ ಆಹಾರವೆಂದು ಕಾಸಿಟ್ಟ ಸಾರಿಗೆ ಬೆರೆಸಿ, ಬಾಟಲಿಗೆ ಟವೆಲ್ ಸುತ್ತಿ ಬೆಚ್ಚಗಿಟ್ಟು ಮನೆಗೆ ಹೋದರು. ಮರುದಿನ ಬಂದು ನೋಡಿದರೆ ಸಾರು ಇಟ್ಟಂತೆಯೇ ತಿಳಿಯಾಗಿದೆ.

"ಕಾಕಾ, ಏನಿದು?"

"ಹೆಪ್ಪ ಹಾಕಿದ್ದೆರಿ ಸರ್. ಯಾಕೋ ಮಸರ ಆಗಿಲ್ಲ."

ನನಗೆ ಸಿಟ್ಟು ಬಂತು. ಕೂಡ್ರಿಸಿ ತಿಳಿಸಿ ಹೇಳಿದೆ: "ಇದಕ್ಕ ಜೀವ ಇಲ್ಲ ಕಾಕಾ. ಇದ್ದಷ್ಟ ದುಡಿತೈತಿ, ಬೆಳೆಯೂದಿಲ್ಲ."

"ಜೀವ ಇಲ್ಲ, ಆದ್ರೂ ದುಡಿತೈತಿ."

"ಹೌದು."

"ಒಂದಿಷ್ಟು ತಾಸು ದುಡದು ತಾನ ನಿಂತ ಬಿಡತೈತಿ."

"ಹೌದು."

"ಇಷ್ಟ ಹೇಳಾಕ ಅಷ್ಟ ಯಾಕ ಸಿಟ್ಟರಿ ಸರ್? ನನ್ನಂಥಾದ್ದು ಅನ್ರಿ, ತಿಳೀತೈತಿ. ನನಗೂ ರಿಟೈರ್ ಆಗಾಕ ಎರಡ ವರ್ಷ ಐತಿ."

೨. ಬಗ್ಗದ ತಲೆ

ಕಾಕಾ ಮುಂಡರಗಿ ಕಡೆಯ ಒಂದು ಸಣ್ಣ ಹಳ್ಳಿಯವರು. ಮನೆ ಊರ ಹೊರಗೆ ಹೊಲದಲ್ಲಿದೆ. ಹುಟ್ಟಿದಾಗಿನಿಂದ ಹೊಲದ ನೀರನ್ನೇ ಕುಡಿದವರು. ಮೊದಲು ಬಾವಿ, ಆಮೇಲೆ ಬೋರು. ಐವತ್ತು ದಾಟುವ ಹೊತ್ತಿಗೆ ಅವರ ಕುತ್ತಿಗೆ, ಬೆನ್ನು ಕಟ್ಟಿಗೆಯಂತೆ ಬಿಗಿದವು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈ ತಿರುಗಬೇಕು.

ಹೊಸದಾಗಿ ಬಂದ ಪ್ರಿನ್ಸಿಪಾಲರಿಗೆ ಇದು ಗೊತ್ತಿರಲಿಲ್ಲ. ನನ್ನನ್ನು ಕರೆಸಿದರು. "ನಿಮ್ಮ ಅಟೆಂಡರಿಗೆ ಭಾಳ ಸೊಕ್ಕು. ನಮಸ್ಕಾರ ಅಂತಾನ, ತಲಿ ಮಾತ್ರ ಬಗ್ಗಸೂದಿಲ್ಲ."

ನಾನು ಸುತ್ತುಬಳಸಿ ಮಾತಾಡುವವನಲ್ಲ. "ಅದು ಸೊಕ್ಕಲ್ಲ ಸರ್, ಫ್ಲೋರೈಡ್" ಎಂದೆ. ನೀರಿನ ಫ್ಲೋರೈಡ್ ಎಲುಬು ಬಿಗಿಸಿದ ಕತೆ ಪೂರ್ತಿ ಕೇಳಿದ ಆ ಮನುಷ್ಯ ಎದ್ದು ಸೀದಾ ಪ್ರಯೋಗಾಲಯಕ್ಕೆ ಬಂದು ಕಾಕಾನ ಮುಂದೆ ಕೈಮುಗಿದು ತಲೆ ಬಗ್ಗಿಸಿ, "ತಪ್ಪಾತ್ರಿ" ಎಂದರು.

ಅವರು ಹೋದ ಮೇಲೆ ಕಾಕಾ ಇಡೀ ಮೈ ನನ್ನ ಕಡೆ ತಿರುಗಿಸಿ ಅಂದರು: "ಖರೆ ಹೇಳತೀನಿ ಸರ್, ಇಷ್ಟ ವರ್ಷದಾಗ ಒಬ್ಬ ಸಾಹೇಬರೂ ನನ್ನ ಮುಂದ ಬಗ್ಗಿದ್ದು ನೋಡಿದ್ದಿಲ್ಲ. ಈ ಕುತ್ತಿಗಿ ಇಷ್ಟಕ್ಕಾದ್ರೂ ಉಪಯೋಗ ಆತು."

ಮರುದಿನವೇ ತಮ್ಮ ಬೋರಿನ ಒಂದು ಬಾಟಲಿ ನೀರು ನನ್ನ ಟೇಬಲ್ಲಿನ ಮೇಲಿಟ್ಟರು. ಮಗಳು, ನಾಲ್ಕು ವರ್ಷದ ಮೊಮ್ಮಗಳು ಇಬ್ಬರೂ ಅವರ ಮನೆಯಲ್ಲೇ ಇದ್ದರು. ಮಗು ಅದೇ ಬೋರಿನ ನೀರು ಕುಡಿಯುತ್ತಿತ್ತು. "ನಂದು ಮುಗೀತ್ರಿ. ಆಕಿ ಕುತ್ತಿಗಿ ಹಿಂಗ ಆಗಬಾರದು. ಒಮ್ಮಿ ನೋಡಿ ಹೇಳ್ರಿ."

"ಮೂರು ಸಲ ಒಂದೇ ಉತ್ತರ ಬರುವವರೆಗೆ ನಮ್ಮದು ಪರೀಕ್ಷೆಯೇ ಅಲ್ಲ ಕಾಕಾ. ನೀವು ಸರ್ಕಾರಿ ಲ್ಯಾಬಿಗೆ ಕೊಡ್ರಿ, ಬರದು ಕೊಡತಾರ."

"ಬರದದ್ದು ನಾ ನಂಬತೀನ್ರಿ. ಮನ್ಯಾಗ ಹೆಂಡತಿ ನಂಬಬೇಕಲ್ಲ. ಆಕಿ, ಈ ನೀರಾಗ ಬ್ಯಾಳಿ ಬೆಣ್ಣಿಹಂಗ ಬೇಯ್ತಾವ, ಇದಕ್ಕ ಹೆಸರಿಡಬ್ಯಾಡ ಅಂತಾಳ. ಆಕಿಗೆ ಚೀಟಿ ಓದಾಕ ಬರೂದಿಲ್ಲ, ಬಣ್ಣ ನೋಡಾಕ ಬರತೈತಿ. ನಿಮ್ಮದ ಆಗಬೇಕ್ರಿ."

ನಾನು ಒಪ್ಪಲಿಲ್ಲ. ನಿಯಮ ಎಂದರೆ ನಿಯಮ. ಬಾಟಲಿಗೆ ತಾರೀಖು ಬರೆದು ಇಟ್ಟೆ.

೩. ಸೊನ್ನೆ

ಒಮ್ಮೆ ತಪಾಸಣೆಗೆಂದು ಒಂದು ಫಾರ್ಮ್ ಬಂತು. "ಪ್ರಯೋಗಕ್ಕೆ ಬಳಸುವ ಜೀವಿಗಳು" ಎಂಬ ಕಾಲಂ ಇತ್ತು. ಸರ್ಕ್ಯೂಟ್ ಪರೀಕ್ಷಿಸುವುದು ರಸದಲ್ಲಿ, ರಸಕ್ಕೆ ಜೀವವಿಲ್ಲ. ಆದ್ದರಿಂದ ಸೊನ್ನೆ ಎಂದು ಬರೆದೆ. ಆಫೀಸಿನ ಹೆಡ್‌ಕ್ಲರ್ಕ್ ಫಾರ್ಮ್ ಹಿಡಿದು ಮೇಲೆ ಬಂದರು.

"ಜೀವಶಾಸ್ತ್ರ ವಿಭಾಗದಾಗ ಜೀವಿನ ಇಲ್ಲ ಅಂದ್ರ ವಿಭಾಗ ಮುಚ್ಚತಾರ್ರಿ ಸರ್. ಏನರ ಒಂದ ಬರೀರಿ."

"ಸುಳ್ಳು ಬರೆಯುವುದಿಲ್ಲ."

ಅರ್ಧ ತಾಸು ವಾದವಾಯಿತು. ಕೊನೆಗೆ ಅವರೇ ಪೆನ್ನು ತೆಗೆದು ಏನೋ ಬರೆದು ಕಳಿಸಿದರು. ಪ್ರತಿ ಬಂದಾಗ ನೋಡಿದರೆ ಸೊನ್ನೆ ಹೊಡೆದುಹಾಕಿ, "ಎರಡು: ಒಬ್ಬರು ಪ್ರೊಫೆಸರ್, ಒಬ್ಬರು ಅಟೆಂಡರ್" ಎಂದಿತ್ತು. ತಪಾಸಣೆಯವರು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು: "ಇವಕ್ಕೆ ಮೇವಿನ ವ್ಯವಸ್ಥೆ ಇದೆಯೇ?"

೪. ಚಪ್ಪಾಳೆ

ಒಂದೂವರೆ ವರ್ಷ ಹಳದಿ ಬರಲಿಲ್ಲ. ಒಂದು ಸರ್ಕ್ಯೂಟ್ ಎಲ್ಲ ನೀರಿಗೂ ಹಳದಿಯಾಗುತ್ತಿತ್ತು, ನಳದ ನೀರಿಗೂ. ಇನ್ನೊಂದು ಯಾವುದಕ್ಕೂ ಆಗುತ್ತಿರಲಿಲ್ಲ. ಕರೆಂಟು ಹೋಗಿ ಫ್ರೀಜರಿನಲ್ಲಿದ್ದ ರಸ ಎರಡು ಸಲ ಕೆಟ್ಟಿತು. ಕಾಕಾ ಸೋಮವಾರಕ್ಕೊಮ್ಮೆ ಹೊಸ ಬಾಟಲಿ ತರುತ್ತಿದ್ದರು, ಹಳೆಯದನ್ನು ತೊಳೆದಿಡುತ್ತಿದ್ದರು. ಏನಾಯಿತೆಂದು ಕೇಳುತ್ತಿರಲಿಲ್ಲ. ಕೇಳದಿರುವುದೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಕೊನೆಗೊಂದು ಸರ್ಕ್ಯೂಟ್ ಕೈಹಿಡಿಯಿತು. ನಾವೇ ಫ್ಲೋರೈಡ್ ಬೆರೆಸಿದ ನೀರಿಗೆ ಹಳದಿ, ಶುದ್ಧ ನೀರಿಗೆ ಸುಮ್ಮನೆ. ಮೂರು ಸಲವೂ ಹಾಗೆಯೇ. ನಿಯಮ ಮುಗಿಯಿತು. ಹೊರಗಿನ ನೀರು ಹಾಕುವ ಸರದಿ. ಸಾಲಾಗಿ ಆರು ಟ್ಯೂಬ್ ಇಟ್ಟು, ಹೆಡ್‌ಕ್ಲರ್ಕರಿಂದ ಸಂಖ್ಯೆ ಮಾತ್ರ ಬರೆಸಿ, ಯಾವುದು ಯಾರದೆಂಬ ಪಟ್ಟಿಯನ್ನು ಲಕೋಟೆಯಲ್ಲಿ ಮುಚ್ಚಿಸಿ, ನಮ್ಮಲ್ಲಿ ಯಾರಿಗೂ ತಿಳಿಯದಂತೆ ಮಾಡಿದೆ. ಮಧ್ಯಾಹ್ನ ನಾಲ್ಕನೆಯ ಟ್ಯೂಬ್ ಚಿನ್ನದಂತೆ ಹಳದಿಯಾಯಿತು. ಈ ಕೆಲಸದಲ್ಲಿ ನನ್ನ ಜೊತೆಗಿದ್ದ ವಿದ್ಯಾರ್ಥಿನಿಯರಿಬ್ಬರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕಾಕಾ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಚಪ್ಪಾಳೆ ಇನ್ನೂ ನಡೆದಿರುವಾಗಲೇ ಪಟ್ಟಿ ತೆರೆದು ಓದಿದೆ. ನಾಲ್ಕನೆಯದು ಕಾಕಾನ ಬೋರು.

ಚಪ್ಪಾಳೆ ನಿಂತಿತು. ಹುಡುಗಿಯರು ಮುಖ ತಗ್ಗಿಸಿದರು. ಕಾಕಾ ಆ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಯಾಕ ನಿಲ್ಲಿಸಿದ್ರಿ, ಹೊಡೀರಿ" ಎಂದರು. "ನಮ್ಮ ಮನಿತನದಾಗ ಒಬ್ಬರೂ ಕಾಲೇಜಿಗೆ ಬಂದು ಪಾಸ್ ಆಗಿದ್ದಿಲ್ಲ. ಬೋರಾದ್ರೂ ಆತು, ಅದೂ ಫಸ್ಟ್ ಕ್ಲಾಸ್."

೫. ಅರಿಷಿಣ

ರಸಕ್ಕೆ ಜೀವವಿಲ್ಲವಾದ್ದರಿಂದ ಹೊರಗೆ ಒಯ್ಯಲು ಅಡ್ಡಿಯಿಲ್ಲ. ಟ್ಯೂಬ್ ಭದ್ರವಾಗಿ ಮುಚ್ಚಿ, ಹೆಂಡತಿಗೆ ತೋರಿಸಿರೆಂದು ಕೊಟ್ಟು ಕಳಿಸಿದೆ. ಎರಡು ದಿನ ಬಿಟ್ಟು ಕೇಳಿದೆ.

"ನೋಡಿದಳ್ರಿ. ಕುಂಕುಮ ಹಚ್ಚಿ ದೇವರ ಜಗಲಿ ಮ್ಯಾಲ ಇಟ್ಟಾಳ."

"ಏನು?"

"ನಾ ಕೆಟ್ಟ ನೀರು ಅಂದ್ರ ಕೇಳೂದಿಲ್ರಿ ಸರ್, ಅರಿಷಿಣ ಬಣ್ಣ ಶುಭ ಅಂತಾಳ. ನಮ್ಮ ನೀರಾಗ ಲಕ್ಷ್ಮಿ ಅದಾಳ, ಕಾಲೇಜಿನ್ಯಾರ ಹೇಳ್ಯಾರ ಅಂತ ಊರ ತುಂಬ ಹೇಳಕೋತ ಹೊಂಟಾಳ. ಮೊಮ್ಮಗಳಿಗೆ ದಿನಾ ಒಂದ ಲೋಟ ಜಾಸ್ತಿ ಕುಡಸಾಕತ್ತಾಳ."

ಹಳದಿಯನ್ನು ಆರಿಸಿದವನು ನಾನೇ. ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆಂದು ಎಷ್ಟೋ ಇಂಗ್ಲಿಷ್ ಲೇಖನ ಓದಿ ಆರಿಸಿದ್ದೆ. ಗದಗ ಜಿಲ್ಲೆಯಲ್ಲಿ ಹಳದಿಗೆ ಯಾರೂ ಹೆದರುವುದಿಲ್ಲ ಎಂದು ಯಾವ ಲೇಖನದಲ್ಲೂ ಇರಲಿಲ್ಲ.

ಭಾನುವಾರ ನಾನೇ ಬಸ್ಸು ಹತ್ತಿದೆ. ಕಾಕಾನ ಹೆಂಡತಿ ಸಂಭ್ರಮದಿಂದ ಕಂಬಳಿ ಹಾಸಿ ಕೂಡ್ರಿಸಿ, ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟರು. "ತಗೋರಿ ಸಾಹೇಬ್ರ, ನಮ್ಮ ಬೋರಿನ ನೀರ."

ಒಂದು ತಂಬಿಗೆ ಕುಡಿದರೆ ನನಗೇನೂ ಆಗುವುದಿಲ್ಲ. ಅದು ನನಗೆ ಗೊತ್ತು. ಆದರೆ ಕುಡಿದು ಬಾಯಿ ಒರೆಸಿಕೊಂಡು, ಮಗುವಿಗೆ ಕೊಡಬೇಡಿ ಎಂದು ಯಾವ ಬಾಯಿಂದ ಹೇಳಲಿ?

"ಬ್ಯಾಡ್ರಿ" ಎಂದೆ.

"ಬರೇ ಒಂದ ಗುಟುಕ?"

"ಬ್ಯಾಡ."

"ಚಾ ಮಾಡ್ಲಿ?"

"ಈ ನೀರಿಂದಾದ್ರ ಬ್ಯಾಡ."

"ರೊಟ್ಟಿ, ಬ್ಯಾಳಿ?"

"ಅದೂ ಬ್ಯಾಡ."

ಅವರ ಮುಖ ಕಪ್ಪಿಟ್ಟಿತು. ಕಾಕಾ ನೆಲ ನೋಡಲಾಗದೆ ಗೋಡೆ ನೋಡುತ್ತ ನಿಂತಿದ್ದರು. ಅಷ್ಟರಲ್ಲಿ ಮೊಮ್ಮಗಳು ಓಡಿ ಬಂದು ನನ್ನನ್ನು ನೋಡಿ ನಕ್ಕಳು. ಮುಂದಿನ ಎರಡು ಹೊಸ ಹಲ್ಲುಗಳ ಮೇಲೆ ಫ್ಲೋರೈಡಿನ ಕಂದು ಗೆರೆ. ಆ ಹಲ್ಲು ದವಡೆಯೊಳಗೆ ಎಂದೋ ಕಟ್ಟಿದ್ದು, ಆ ಗೆರೆ ನನ್ನ ತಡದಿಂದ ಬಂದದ್ದಲ್ಲ ಎಂದು ನಾನು ಬಲ್ಲೆ. ಇನ್ನೂ ಹೊರಗೆ ಬಾರದ ಹಲ್ಲುಗಳ ಬಗ್ಗೆ, ಎಲುಬುಗಳ ಬಗ್ಗೆ ಹಾಗೆ ಹೇಳಲಾರೆ. "ಕೂಸಿಗೆ ಈ ನೀರು ಕೊಡಬ್ಯಾಡ್ರಿ" ಎಂದಷ್ಟೇ ಹೇಳಿ, ಬೆಲ್ಲವನ್ನೂ ಮುಟ್ಟದೆ ಎದ್ದು ಬಂದೆ. ಹಿಂದಿನಿಂದ ತಂಬಿಗೆ ಕುಕ್ಕಿದ ಸದ್ದು ಕೇಳಿತು.

ಮರುದಿನ ಕಾಕಾ ಬಾಟಲಿ ತರಲಿಲ್ಲ.

"ಮನ್ಯಾಗ ಸಿಟ್ಟಾಗ್ಯಾರೇನು?" ಎಂದೆ.

"ಆಗದ ಇರತಾಳ್ರಿ? ನೀರ ಒಲ್ಲೆ ಅನ್ನೂ ಮನಷ್ಯಾನ ಹುಟ್ಟಿದಾಗಿಂದ ನೋಡಿಲ್ಲ ಅಂತ ರಾತ್ರಿತನಾ ಬೈದಳು. ಮುಂಜಾನೆ ಎದ್ದಾಕಿ ಕೊಡ ತಗೊಂಡು ಊರಾಗಿನ ಶುದ್ಧ ನೀರಿನ ಘಟಕಕ್ಕ ಹ್ವಾದಳು. ಇನ್ನ ಬೋರಿನ ನೀರು ಅರಬಿ ಒಗಿಯಾಕ ಅಷ್ಟ ಅಂತ."

"ಅಂದರೆ ಪರೀಕ್ಷೆ ನಂಬಿದರು?"

"ಪರೀಕ್ಷೆ ಇಲ್ರಿ, ನಿಮ್ಮನ್ನ. 'ಇಷ್ಟ ಒರಟ ಮನಷ್ಯಾ ಸುಳ್ಳ ಹೇಳಾಕ ಸಾಧ್ಯನ ಇಲ್ಲ' ಅಂದಳು."