ರೈಟರ ಮನೆಗೆ ಬ್ರೆಡ್ ಬಂತು

ಅಡುಗೆ ದೊಡ್ಡ ವಿದ್ಯೆ ಎಂಬುದು ಹೆಂಗಸರು ಹಬ್ಬಿಸಿದ ಸುಳ್ಳು ಎಂದು ಮದುವೆಯಾದ ಹೊಸದರಿಂದಲೂ ಸಾರುತ್ತ ಬಂದವನು ನಾನು. ಮುನ್ನೂರು ಆಳುಗಳ ಹಾಜರಿ ಬರೆಯುವ ಎಸ್ಟೇಟ್ ರೈಟರ್ ತಿರುಮಲೇಶ್ವರನಿಗೆ ಒಂದು ಬಾಣಲೆ ಯಾವ ಲೆಕ್ಕ! ಆದ್ದರಿಂದ, ತಂಗಿಯ ಮದುವೆಗೆ ಮಡಿಕೇರಿಗೆ ಹೊರಟ ನನ್ನ ಹೆಂಡತಿ ಪದ್ಮಾಕ್ಷಿ ಹೊಸ್ತಿಲಲ್ಲಿ ನಿಂತು ಹಿಂದೆಮುಂದೆ ನೋಡಿದಾಗ ನನಗೆ ನಗು ಬಂತು.

“ಮುಹೂರ್ತ ಗುರುವಾರ. ಅಲ್ಲೀತನಕ ಏನು ತಿಂತೀರಿ?”

“ಮಾಡ್ಕೊಂಡು ತಿಂತೀನಿ.”

“ನೀವಾ?”

“ನಾನೇ. ಒಂದು ಅಗುಳೂ ಹಾಳಾಗಬಾರದು, ಉಳಿದದ್ದರಲ್ಲೇ ರಾಜಭೋಜನ. ನೋಡ್ತಿರು.”

“ನೀವೂ ಬಂದಿದ್ರೆ ಚೆನ್ನಾಗಿತ್ತು,” ಎಂದಳು ಸಣ್ಣ ದನಿಯಲ್ಲಿ. ಇದ್ದವಳು ಒಬ್ಬಳೇ ತಂಗಿ. ಆದರೆ ಅದು ಕಾಫಿ ಪಿಕ್ಕಿಂಗಿನ ಕಾಲ. ಬಿಳಿ ದೊರೆ ರಜೆ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಗಂಡನನ್ನು ಬಿಟ್ಟು ಒಬ್ಬಳೇ ಮಂಟಪದ ಮುಂದೆ ನಿಲ್ಲುವುದು ಅವಳಿಗೆ ಬಹಳ ನೋವಿನ ಸಂಗತಿಯಾಗಿತ್ತು. ಸೋಮವಾರ ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು.

ಮಂಗಳವಾರ ಸಂಜೆ ಬಂಗಲೆಯ ಬಟ್ಲರ್ ಮುತ್ತ ಒಂದು ಇಡೀ ಬ್ರೆಡ್ಡನ್ನು ದೊರೆಯ ಕುದುರೆಗೆ ಹಾಕಲು ಹೊರಟಿದ್ದ. ಐದು ದಿನದ್ದು, ಚಾಕು ತಾಗದ್ದು, ಎಸೆದರೆ ತಲೆ ಒಡೆಯುವಂಥದು. ನನ್ನೊಳಗಿನ ನಳಮಹಾರಾಜ ಎದ್ದು ಕುಳಿತ. “ಇತ್ಲಾಗೆ ಕೊಡು,” ಎಂದೆ.

ನಮ್ಮ ಕಡೆ ಬ್ರೆಡ್ ತಿಂಡಿಯಲ್ಲ, ಔಷಧಿ. ಜ್ವರ ಬಂದು ನಾಲಿಗೆ ಕೆಟ್ಟಾಗ ಮಾತ್ರ ಅದು ಮನೆಗೆ ಬರುತ್ತದೆ. ಇದು ನನಗೂ ಗೊತ್ತು. ಆದರೆ ಅದನ್ನು ಕಂಕುಳಲ್ಲಿ ಅವುಚಿಕೊಂಡು, ಆಳುಗಳ ಮನೆಸಾಲಿನ ಮುಂದೆಯೇ, ಎಲ್ಲರೂ ಕೆಲಸ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಮೆರವಣಿಗೆ ಹೋದ ಈ ಜಾಣನಿಗೆ ಆಗ ಹೊಳೆಯಲಿಲ್ಲ!

ಮನೆಯಲ್ಲಿ ತಂಗಳನ್ನವಿತ್ತು, ಹುಳಿ ಮಜ್ಜಿಗೆಯಿತ್ತು, ಸೋಮವಾರದ ಕುಂಬಳಕಾಯಿ ಪಲ್ಯವಿತ್ತು. ಬ್ರೆಡ್ಡನ್ನು ಪುಡಿಮಾಡಿ ಉಪ್ಪಿಟ್ಟು ಮಾಡುವುದೆಂದು ತೀರ್ಮಾನಿಸಿದೆ. ಗಟ್ಟಿಯಾಗಿದೆಯಲ್ಲ ಎಂದು ಮಜ್ಜಿಗೆಯಲ್ಲಿ ನೆನೆಸಿದೆ. ನೆನೆದದ್ದು ಗೋಡೆಗೆ ಮೆತ್ತುವ ಹದಕ್ಕೆ ಬಂತು. ಸರಿ, ರೊಟ್ಟಿಯಾಗಲಿ ಎಂದು ಅನ್ನ, ಪಲ್ಯ, ಈರುಳ್ಳಿ, ಹನ್ನೆರಡು ಗಾಂಧಾರಿ ಮೆಣಸು ಸೇರಿಸಿ ಕಲಸಿ ಕಾವಲಿಗೆ ತಟ್ಟಿದೆ. ಅದು ಕಾವಲಿಯನ್ನು ಹಿಡಿದದ್ದು ಹಿಡಿದದ್ದೇ! ಹಸಿ ಸೌದೆಯ ಹೊಗೆ, ಮೆಣಸಿನ ಘಾಟು. ಕಣ್ಣು ಕೆಂಡವಾಯಿತು, ಮೈಯೆಲ್ಲ ಬೆವರು. ಒದ್ದೆ ಟವೆಲನ್ನು ತಲೆಗೆ ಸುತ್ತಿಕೊಂಡು “ಬಿಡೇ, ಬಿಟ್ಟುಬಿಡೇ” ಎಂದು ಕಾವಲಿಯೊಡನೆ ಕಾದಾಡುತ್ತಿದ್ದೆ.

ಹಿಂದೆ ಯಾರೋ ನಿಟ್ಟುಸಿರಿಟ್ಟರು. ನಮ್ಮ ಪಿಕ್ಕಿಂಗ್ ಆಳು ಸಣ್ಣಿ, ಕೈಯಲ್ಲಿ ಗಂಜಿ ಪಾತ್ರೆ.

“ಜರ ಯಾವಾಗಿಂದ ರೈಟರಯ್ಯ?”

“ನಂಗೆ ಯಾವ ಜ್ವರವೂ ಇಲ್ಲ.”

“ಬಂದೋರೆಲ್ಲ ಅಂಗೇ ಅನ್ನೋದು. ಕಣ್ಣು ನೋಡಿದ್ರೆ ಗೊತ್ತಾಗಕಿಲ್ವಾ? ಒಲೆ ತಾವಿಂದ ಏಳಿ ಮೊದ್ಲು.”

ಅವಳ ಹಿಂದೆಯೇ ಮೆಣಸಿನ ಕಷಾಯ ಹಿಡಿದು ನಿಂಗ ಬಂದ. ಜವರಿ ಸಾರು ತಂದಳು. ಕತ್ತಲಾಗುವುದರೊಳಗೆ ನನ್ನ ಜಗಲಿಯ ಮೇಲೆ ಏಳು ಪಾತ್ರೆ ಗಂಜಿ! ಉಳಿದದ್ದನ್ನು ಮುಗಿಸಲು ಹೊರಟವನಿಗೆ ಊರೆಲ್ಲ ಉಳಿಸಿಕೊಟ್ಟಿತು. ದಿನವಿಡೀ ಕಾಫಿ ಕಿತ್ತು ಸೊಂಟ ಬಿದ್ದುಹೋದವರು, ತಮ್ಮ ಮಕ್ಕಳ ಪಾಲಿನಿಂದ ತೆಗೆದು ತಂದದ್ದು ಅದು. ತಡವಾಗಿ ಬಂದರೆಂದು ಅರ್ಧ ಹಾಜರಿ ಹಾಕಿದ್ದು ಇವರಿಗೇ ಅಲ್ಲವೇ ಎಂದು ನನಗೆ ನಾಚಿಕೆಯಾಯಿತು. ಸಣ್ಣಿಯ ಗಂಜಿ ಕುಡಿದೆ. ಅಷ್ಟು ರುಚಿಯಾದ ಊಟ ನಾನು ಉಂಡಿಲ್ಲ, ಇದು ಸತ್ಯ.

ಬುಧವಾರ ಬೆಳಿಗ್ಗೆ ನಿಜ ಹೇಳಿಬಿಡೋಣವೆಂದು ಬಂಗಲೆಗೆ ಹೋದೆ. ಜ್ವರದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ದೊರೆ ಮೂಗಿಗೆ ಕರವಸ್ತ್ರ ಹಿಡಿದು ಹತ್ತು ಮಾರು ದೂರ ಸರಿದರು. “ಜ್ವರ ಇಲ್ಲ ದೊರೆ” ಎಂದೆ. ಅವರು ಇನ್ನೂ ಐದು ಮಾರು ಸರಿದರು. ಮುತ್ತ ನಡುವೆ ನಿಂತು ಅಪ್ಪಣೆ ತಲುಪಿಸಿದ: “ವಾರದವರೆಗೆ ಈ ಕಡೆ ತಲೆ ಹಾಕಬಾರದಂತೆ. ರಜೆಯಂತೆ.”

ಮಧ್ಯಾಹ್ನ ಮನೆ ಮುಂದೆ ಪದ್ಮಾಕ್ಷಿ! ಸೋಮವಾರಪೇಟೆ ಬಸ್ಸಿನವರು ಬೆಳಿಗ್ಗೆಯೇ ಮಡಿಕೇರಿಗೆ ಸುದ್ದಿ ಮುಟ್ಟಿಸಿದ್ದರು. ಒಂದು ಕೈಗೆ ಗೋರಂಟಿ, ಇನ್ನೊಂದು ಕೈ ಬರಿದು. ಹಚ್ಚಿಸಿಕೊಳ್ಳುತ್ತಿದ್ದವಳು ಹಾಗೆಯೇ ಎದ್ದು ಬಂದಿದ್ದಳು. ನನ್ನ ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು. ಅಡುಗೆಮನೆಗೆ ಹೋಗಿ ಕಾವಲಿಯನ್ನು ನೋಡಿದಳು.

“ಬೈಯಿ,” ಎಂದೆ. “ಮದುವೆ ಮನೆ ಬಿಟ್ಟು ಓಡಿಬರೋ ಹಾಗೆ ಮಾಡಿದೆ. ತಪ್ಪು ನಂದೇ.”

“ಬೈಯೋದು ಆಮೇಲೆ. ರಜೆ ಸಿಕ್ಕಿದೆ ತಾನೆ? ಪಂಚೆ ಉಟ್ಕೊಳ್ಳಿ. ಮೂರು ಗಂಟೆ ಬಸ್ಸಿದೆ.”

ಬಸ್ಸಿನಲ್ಲಿ ಅವಳ ಪಕ್ಕ ಕುಳಿತಾಗ ನನ್ನ ಕಣ್ಣು ಮತ್ತೆ ಕೆಂಪಾಯಿತು. ಈ ಸಲ ಹೊಗೆ ಇರಲಿಲ್ಲ. ಏಳು ಮನೆಯ ಗಂಜಿ, ತಾನಾಗಿಯೇ ಬಂದ ರಜೆ, ಎದ್ದುಬಿದ್ದು ಓಡಿಬಂದ ಹೆಂಡತಿ! ನಾನೆಂಥ ಪುಣ್ಯವಂತ ಎಂದುಕೊಂಡೆ. ಸ್ವಲ್ಪ ಬೀಗಿಕೊಂಡೇ ಕೇಳಿದೆ:

“ನಂಗೆ ಜ್ವರ ಅಂದ ಕೂಡ್ಲೇ ಅಷ್ಟು ಗಾಬರಿ ಆಯ್ತಾ?”

“ಜ್ವರಕ್ಕೆ ಯಾರು ಹೆದರ್ತಾರೆ? ಕ್ವಿನೈನ್ ಕೊಟ್ಟು ಕಳಿಸೋಣ ಅಂತಿದ್ದೆ,” ಎಂದಳು ಪದ್ಮಾಕ್ಷಿ. “ನೀವೇ ಒಲೆ ಹಚ್ಚಿ ಅಡುಗೆ ಮಾಡ್ತಿದ್ದೀರಿ ಅಂದ್ರು. ಆಗ ಗೊತ್ತಾಯ್ತು, ಜ್ವರ ತಲೆಗೇರಿದೆ ಅಂತ.”