ಎಂಟು ಬಿಟ್ಟು, ಹದಿನಾರು ಬಿಟ್ಟು ಮತ್ತು ನನ್ನ ಅಂಗಡಿ

ಸೇಡಂ ರಸ್ತೆಯಲ್ಲಿ ನನ್ನದೊಂದು ಟೀವಿ ಅಂಗಡಿ ಇತ್ತು. ತೊಂಬತ್ತರ ದಶಕದಲ್ಲಿ ಯಾವ ಗಳಿಗೆಯಲ್ಲಿ ವಿಡಿಯೋ ಗೇಮ್ ಮಾರಲು ಕೂತೆನೋ, ಮುಂದೆ ಹೇಳುವಂಥ ಪ್ರಸಂಗಗಳು ನನ್ನ ವಿಳಾಸ ಕೇಳಿಕೊಂಡೇ ಬರತೊಡಗಿದವು. ಇಟ್ಟದ್ದು ಎರಡೇ ಥರ: ಬಿಳಿ ಡಬ್ಬಿ ಎಂಟು ಬಿಟ್ಟಿನದು, ಕರಿ ಡಬ್ಬಿ ಹದಿನಾರು ಬಿಟ್ಟಿನದು. ಕರಿಯದರಲ್ಲಿ ಬಣ್ಣ ಹೆಚ್ಚು, ಓಟ ಚುರುಕು. ಬಿಳಿಯದಕ್ಕೆ ಆಟದ ಕ್ಯಾಸೆಟ್ ಎಲ್ಲಿ ಬೇಕಾದರೂ ಸಿಗುತ್ತದೆ. ಇಷ್ಟು ಹೇಳಿದರೆ ಮಾತು ಮುಗಿಯಬೇಕು. ಒಬ್ಬ ಗಿರಾಕಿಯ ಹತ್ತಿರವೂ ಮುಗಿಯಲಿಲ್ಲ.

ತೂಕ

ನೆಹರು ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಯೊಬ್ಬರು ಬಂದರು. ಎರಡು ಡಬ್ಬಿಗಳನ್ನೂ ಒಂದೊಂದು ಕೈಯಲ್ಲಿ ಹಿಡಿದು ತೂಗಿದರು.

"ಬಿಟ್ ಅಂದ್ರ ಏನ್ರಿ?"

"ಮಷಿನ್ ಒಂದು ಸಲಕ್ಕ ಎಷ್ಟು ಹೊರ್ತದ ಅನ್ನೂದು. ಎಂಟು ಅಂದ್ರ ಮೂರು ಗಾಲಿ ಟಂಟಂ, ಹದಿನಾರು ಅಂದ್ರ ಲಾರಿ."

"ಲಾರಿ ಹಿಂಗ್ಯಾಕ ಹಗುರ ಅದ? ಬಿಚ್ಚಿ ತೋರಸ್ರಿ."

ಬೇಡವೆಂದರೂ ಬಿಡಲಿಲ್ಲ. ಸ್ಕ್ರೂ ಬಿಚ್ಚಿದೆ. ಅಷ್ಟು ದೊಡ್ಡ ಡಬ್ಬಿಯ ಒಳಗೆ ಅಂಗೈಯಷ್ಟು ಬೋರ್ಡು, ಉಳಿದದ್ದೆಲ್ಲ ಖಾಲಿ. ಬಿಳಿಯದನ್ನೂ ಬಿಚ್ಚಿಸಿದರು. ಅದರಲ್ಲಿ ಬೋರ್ಡು ಇನ್ನೂ ಸಣ್ಣದು. ಅವರು ಎರಡನ್ನೂ ನೋಡಿ, ನನಗೆ ಕೈಮುಗಿದರು.

"ಇಷ್ಟು ದೊಡ್ಡ ಚೀಲ, ಒಳಗ ಒಂದು ಹಿಡಿ ಮಾಲ್! ಗಂಜಿನ್ಯಾಗ ಹುಟ್ಟಿ ಬೆಳದೀನಿ, ನನಗೂ ಇಷ್ಟು ಹಿಮ್ಮತ್ ಬಂದಿಲ್ಲ ನೋಡ್ರಿ."

ಅಳತೆ

ಕೋಟನೂರಿನ ಬಡಿಗನೊಬ್ಬ ಮನೆಗೆ ಕರಿ ಡಬ್ಬಿ ಒಯ್ದಿದ್ದ. ಒಂದು ದಿನ ಅದನ್ನು ವಾಪಸ್ ತಂದು ಟೇಬಲ್ ಮೇಲಿಟ್ಟ.

"ಚಿತ್ರ ಬರಾಕತ್ತಿಲ್ರಿ."

ನೋಡಿದರೆ ಒಳಗೆ ಕೂತಿದ್ದು ಎಂಟು ಬಿಟ್ಟಿನ ಕ್ಯಾಸೆಟ್. ಅದು ಆ ಡಬ್ಬಿಯಲ್ಲಿ ಹಿಡಿಯುವುದೇ ಇಲ್ಲ. ಹೇಗೆ ಕೂತಿತು ಎಂದು ಎಳೆದು ನೋಡಿದೆ. ಕ್ಯಾಸೆಟ್ಟಿನ ಎರಡೂ ಅಂಚು ಕೆತ್ತಿ, ಅರದಿಂದ ಉಜ್ಜಿ, ಮೇಲೆ ಪಾಲಿಶ್ ಬೇರೆ ಹೊಡೆದಿದ್ದ. ಅಂಥ ನಾಜೂಕು ಕೆಲಸ ಕಂಪನಿಯವರೂ ಮಾಡಿರಲಿಲ್ಲ.

"ಇದರ ಜಾತಿನೇ ಬ್ಯಾರೆ ಮಾರಾಯ. ಕೂತ್ರೂ ನಡಿಯಂಗಿಲ್ಲ" ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ಅವನು ಎಲ್ಲಾ ಕೇಳಿಸಿಕೊಂಡ.

"ಕೂಡಸೂದು ನನ್ನ ಕೆಲಸ ರೀ, ಅದು ನಾ ಮಾಡೀನಿ. ಚಿತ್ರ ತರೂದು ನಿಮ್ಮ ಕೆಲಸ. ಅದೊಂದು ನೀವು ಮಾಡ್ರಿ."

ಕನ್ಯಾ ನೋಡುವುದು

ಕಮಲಾಪುರದ ಗಿರಾಕಿಯೊಬ್ಬರು ಫೋನ್ ಮಾಡಿದರು. "ಮಗಳಿಗಿ ನೋಡಾಕ ಬೀಗರು ಬಂದಾರ್ರಿ. ಮಾತು ಮುರಿಯೂ ಹಂಗ ಆಗ್ಯದ. ನೀವು ಬಸ್ ಹತ್ರಿ."

ನಾನು ಟೀವಿ ರಿಪೇರಿಯವನು, ಸಂಬಂಧ ರಿಪೇರಿಯವನಲ್ಲ ಎನ್ನುವಷ್ಟರಲ್ಲಿ ಫೋನ್ ಇಟ್ಟುಬಿಟ್ಟರು. ಬಸ್ ಹತ್ತಿ ಕಮಲಾಪುರಕ್ಕೆ ಹೋದೆ. ಪಡಸಾಲೆಯಲ್ಲಿ ಹಿರಿಯರೆಲ್ಲ ಮುಖ ಬಿಗಿದುಕೊಂಡು ಕೂತಿದ್ದರು. ಕೆಂಪು ಬಾಳೆಹಣ್ಣಿನ ತಟ್ಟೆಯನ್ನು ಯಾರೂ ಮುಟ್ಟಿರಲಿಲ್ಲ.

ಆದದ್ದು ಇಷ್ಟು. ಟೀವಿ ಕೆಳಗಿನ ಬಿಳಿ ಡಬ್ಬಿ ನೋಡಿ ವರ, "ಎಂಟೇ ಬಿಟ್ ಏನು? ನಮ್ಮ ಮನ್ಯಾಗ ಹದಿನಾರು ಅದ" ಎಂದು ನಕ್ಕಿದ್ದ. ಚಹಾ ತಂದ ಹುಡುಗಿ, "ಬಿಟ್ ಎಷ್ಟಿದ್ರೇನು, ಆಡಾಕ ಬರಬೇಕಲ್ರಿ" ಎಂದಿದ್ದಳು. ವರ ಎದ್ದು ಕಾರಿನಿಂದ ತನ್ನ ಕರಿ ಡಬ್ಬಿಯನ್ನೇ ತಂದಿದ್ದ. ಕನ್ಯಾ ನೋಡಲು ಬರುವಾಗ ಅದನ್ನೇಕೆ ತಂದಿದ್ದ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಯಾವುದು ಛಲೋ, ನೀವೇ ಹೇಳ್ರಿ" ಎಂದು ಎರಡೂ ಕಡೆಯವರು ನನ್ನತ್ತ ತಿರುಗಿದರು. ಬಿಳಿಯದು ಎಂದರೆ ಬೀಗರು ಏಳುತ್ತಾರೆ. ಕರಿಯದು ಎಂದರೆ ನನ್ನ ಗಿರಾಕಿಯ ಮಾನ ಹೋಗುತ್ತದೆ. ನಾನು ಸುಮ್ಮನೆ ವೈರ್ ಸಿಕ್ಕಿಸಿದೆ. "ಆಡಿ ನೋಡ್ರಿ."

ಮೊದಲು ಇಬ್ಬರೂ ಬಿಳಿಯದರಲ್ಲಿ ಆಡಿದರು. ಹುಡುಗಿ ಗೆದ್ದಳು. "ಡಬ್ಬಿ ಬೇಕಾರ್ ಅದ" ಎಂದ ವರ. ಅವನದೇ ಕರಿ ಡಬ್ಬಿ ಹಚ್ಚಿದೆ. ಆಕೆ ಅದನ್ನು ಕೈಯಲ್ಲಿ ಹಿಡಿದದ್ದೇ ಅವತ್ತು ಮೊದಲು. ಎರಡು ಸಲ ತಡವರಿಸಿದಳು, ಮೂರನೆಯ ಸಲ ಅದರಲ್ಲೂ ಗೆದ್ದಳು.

ಹುಡುಗಿಯ ಅಪ್ಪ ಹಣೆ ಒರೆಸಿಕೊಂಡರು. ನಾನು ಮರಳಿ ಹೋಗುವ ಬಸ್ಸಿನ ಬಗ್ಗೆ ಯೋಚಿಸತೊಡಗಿದೆ. ಆಗ ಮೂಲೆಯಲ್ಲಿ ಎಲೆಅಡಿಕೆ ಹಾಕುತ್ತಿದ್ದ ವರನ ಅಜ್ಜಿ ಬಾಯಿ ಬಿಟ್ಟರು.

"ಇಲ್ಲಿ ತನಾ ಕುಂತು ನೋಡೀನಿ. ಮಷಿನ್ ಎರಡೂ ಛಲೋನೇ ಅವ, ನಮ್ಮ ಹುಡುಗಂದೇ ಎಂಟು ಬಿಟ್ ಕಮ್ಮಿ ಬಿದ್ದಾವ. ತಡಾ ಮಾಡಬ್ಯಾಡ್ರಿ, ಮುಹೂರ್ತ ಹಿಡೀರಿ. ಈಕಿ ಬಂದಳಂದ್ರ ಭರ್ತಿ ಆಗ್ತದ."