ಕಾಲ್ಗುಣದ ವೈಫೈ

ಗಾಳೇಶ ಮಾಸ್ತರ ಕಂಪ್ಯೂಟರ್ ಪಂಡಿತನಾದದ್ದು ಕಾಲಿಗೆ ವಾಯರ್ ತೊಡರಿ. ತಾಲೂಕಿನ ಶಿಕ್ಷಕರ ಸಭೆಯಲ್ಲಿ ಪ್ರೊಜೆಕ್ಟರ್ ಕಣ್ಣು ತೆರೆಯದೆ ಮುನಿಸಿಕೊಂಡು ಕೂತಿತ್ತು. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಗಾಳೇಶ ನೀರು ಕುಡಿಯಲೆಂದು ಎದ್ದು, ವಾಯರಿಗೆ ಎಡವಿ, ಬೀಳುವ ಭರದಲ್ಲಿ ಗೋಡೆಗೆ ಕೈ ಕೊಟ್ಟ. ಕೈ ಹೋಗಿ ಸಡಿಲ ಪ್ಲಗ್ಗಿಗೆ ಬಡಿಯಿತು, ಪ್ಲಗ್ಗು ಒಳಗೆ ಕೂತಿತು, ಪರದೆಯ ಮೇಲೆ ಬೆಳಕು ಬಂತು. ಶಿಕ್ಷಣಾಧಿಕಾರಿ ಸಾಹೇಬರು ಚಪ್ಪಾಳೆ ತಟ್ಟಿ, "ಇಂಥಾವ್ರು ಬೇಕ್ರಿ ಇಲಾಖೆಗೆ," ಅಂದರು. ಅಂದಿನಿಂದ ತಳಕಲ್ ಶಾಲೆಯ ವಿಜ್ಞಾನ ಮಾಸ್ತರನ ಹೆಸರಿಗೆ 'ತಾಂತ್ರಿಕ ಸಂಪನ್ಮೂಲ ವ್ಯಕ್ತಿ' ಎಂಬ ಬಾಲ ಅಂಟಿಕೊಂಡಿತು.

ಬೇಸಿಗೆ ರಜೆಯಲ್ಲಿ ಆ ಬಾಲ ಯಾವುದೋ ಬಾಗಿಲಿನ ಸಂದಿಗೆ ಸಿಕ್ಕಿತು. ಯಲಬುರ್ಗಾದ ತನ್ನ ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತು, ತಾಲೂಕಿನ ಇನ್ನೂರು ಮಂದಿ ಶಿಕ್ಷಕರಿಗೆ ಅವನು ತರಬೇತಿ ಕೊಡಬೇಕಿತ್ತು. ವಿಷಯ, 'ಮನೆಯ ವೈಫೈ ತೊಂದರೆಗಳು ಮತ್ತು ಪರಿಹಾರಗಳು'. ಮೊದಲ ಸಲ "ಎಲ್ಲರಿಗೂ ನಮಸ್ಕಾರ" ಅನ್ನುವಷ್ಟರಲ್ಲಿ ಗಾಳೇಶನ ವೈಫೈ ಹೋಯಿತು. ಎರಡನೆಯ ಸಲ "ಎಲ್ಲರಿಗೂ" ಅನ್ನುವಷ್ಟರಲ್ಲಿ ಹೋಯಿತು. ಗಾಳೇಶ ಓಣಿಯ ಬಾಯಿಗೆ ಹೋದಾಗ ಸಾಹೇಬರ ಫೋನ್ ಬಂತು.

"ಗಾಳೇಶ, ಗುರುವಾರ ಹನ್ನೊಂದಕ್ಕ ಮತ್ತ ಇಟ್ಟೀನಿ. ಜಿಲ್ಲಾದವ್ರೂ ನೋಡ್ತಾರ. ಈ ಸಲಾನೂ ಹಿಂಗ ಆತಂದ್ರ ನಾನು ನೋಟಿಸ್ ಬರೀಬೇಕಾಗ್ತೈತಿ."

ಗುರುವಾರ ಬೆಳಿಗ್ಗೆ ಎಂಟಕ್ಕೇ ಗಾಳೇಶ ರೂಟರಿನ ಮುಂದೆ ಪೂಜೆಗೆ ಕೂತವನಂತೆ ಕೂತ. ರೂಟರ್ ಇದ್ದದ್ದು ಪಡಸಾಲೆಯ ಗೂಡಿನಲ್ಲಿ, ಪಕ್ಕದ ಮನೆಗೂ ತನಗೂ ಕೂಡಿದ ಗೋಡೆಯಲ್ಲಿ. ಹೊರಗಿನಿಂದ ಬಂದ ವಾಯರ್ ಅಲ್ಲಿಗೇ ಮುಗಿದಿತ್ತು, ಗೇಣು ಅತ್ತಿತ್ತ ಮಾಡುವಂತಿರಲಿಲ್ಲ. ದೀಪಗಳೆಲ್ಲ ಹಸಿರಾಗಿ ಮಿನುಗುತ್ತಿದ್ದವು. ಲ್ಯಾಪ್‌ಟಾಪ್ ಮಾತ್ರ ಒಂದು ಗಳಿಗೆ ಅದರೊಂದಿಗೆ ಕೂಡುತ್ತಿತ್ತು, ಮರುಗಳಿಗೆ ಬಿಟ್ಟುಹೋಗುತ್ತಿತ್ತು, ಪಾಲು ಮುಗಿಯದ ಅಣ್ಣತಮ್ಮಂದಿರ ಹಾಗೆ. ಗಾಳೇಶ ರೂಟರ್ ಆರಿಸಿ ಹತ್ತಿಸಿದ. ಲ್ಯಾಪ್‌ಟಾಪ್ ಆರಿಸಿ ಹತ್ತಿಸಿದ. ಪಾಸ್‌ವರ್ಡ್ ಅಳಿಸಿ ಮತ್ತೆ ಬರೆದ. ನೇರವಾಗಿ ವಾಯರ್ ಹಚ್ಚೋಣವೆಂದರೆ ಹೊಸ ಲ್ಯಾಪ್‌ಟಾಪಿಗೆ ಆ ತೂತೇ ಇರಲಿಲ್ಲ. ಮೊಬೈಲಿನ ಸಿಗ್ನಲ್ಲು ಆ ಓಣಿಯ ಬಾಯಿಗೆ ಬಂದು ಹಿಂದಿರುಗುತ್ತಿತ್ತು, ಅದಕ್ಕೇ ಈ ರೂಟರ್ ಹಾಕಿಸಿದ್ದು.

ಒಂಬತ್ತಕ್ಕೆ ಹಿಂದಿನ ಮನೆಯ ದ್ಯಾಮಣ್ಣ ಕಾಕಾ ಬಂದ. ಲೈನ್‌ಮನ್ ಆಗಿ ನಿವೃತ್ತನಾದವನು. ಅವನ ಲೆಕ್ಕದಲ್ಲಿ ಮಿಕ್ಸರ್ ಕೆಟ್ಟರೂ ಅರ್ಥಿಂಗು, ಮದುವೆ ಮುರಿದರೂ ಅರ್ಥಿಂಗು.

"ಇದು ಅರ್ಥಿಂಗ್ ತೊಂದರಿ ನೋಡು," ಅಂದವನೇ ಅಂಗಳದ ಅರ್ಥಿಂಗ್ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದ. ಏನೂ ಆಗಲಿಲ್ಲ. ಆಮೇಲೆ ಅಡುಗೆಮನೆಗೆ ನುಗ್ಗಿ ರೊಟ್ಟಿಹಿಟ್ಟು ನಾದುವ ಪರಾತವನ್ನು ಎತ್ತಿಕೊಂಡು ಬಂದು ರೂಟರಿನ ಬೆನ್ನಿಗೆ ನಿಲ್ಲಿಸಿದ. "ಸಿಗ್ನಲ್ ಗ್ವಾಡಿಗೆ ಇಂಗಿ ಹೋಗಾಕತ್ತೈತಿ. ಇದಕ್ಕ ಬಡಿದು ಹೊಳ್ಳಿ ಬರ್ತೈತಿ."

ಗಾಳೇಶನ ಹೆಂಡತಿ ರೇಣುಕಾ ಕೈಗೆ ಹಿಟ್ಟು ಮೆತ್ತಿಕೊಂಡು ಬಂದಳು. "ಕಾಕಾ, ಅರ್ಧಾ ನಾದೀನ್ರಿ. ಹಿಟ್ಟು ಎಲ್ಲಿ ಹಾಕೀರಿ?"

"ನಿನ್ನ ಗಂಡನ ನೌಕರಿ ದೊಡ್ಡದೋ, ರೊಟ್ಟಿ ದೊಡ್ಡದೋ?"

ಹಿಟ್ಟು ರುಬ್ಬುವ ಕಲ್ಲಿನ ಮೇಲೆ ಸಿಕ್ಕಿತು. ಸಿಗ್ನಲ್ಲು ಸಿಗಲಿಲ್ಲ.

ಹತ್ತೂಕಾಲಿಗೆ ಪಕ್ಕದ ಮನೆಯ ಸರ್ದಾರಬೀ ಬಟ್ಟಲು ಹಿಡಿದು ಬಂದಳು. ಐವತ್ತೈದರ ಹೆಂಗಸು, ಅವಳು ಮಾಡಿ ಮಾರುವ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇಲ್ಲದೆ ಆ ಓಣಿಯಲ್ಲಿ ಯಾರಿಗೂ ರೊಟ್ಟಿ ಇಳಿಯುತ್ತಿರಲಿಲ್ಲ. "ರೇಣುಕಾ, ಹೆಪ್ಪಿಗೆ ಒಂಚೂರು ಮೊಸರು ಕೊಡವ್ವಾ," ಎಂದು ಒಳಗೆ ಬಂದು ನಿಂತಳು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಮೂಲೆಯಲ್ಲಿ ವೈಫೈ ಗುರುತು ನವಿಲಿನ ಹಾಗೆ ಪೂರ್ತಿ ಗರಿ ಬಿಚ್ಚಿತು.

"ಅರ್ಥಿಂಗ್," ಅಂದ ದ್ಯಾಮಣ್ಣ.

ಸರ್ದಾರಬೀ ಮೊಸರು ತೆಗೆದುಕೊಂಡು ಹೋದಳು. ಐದು ನಿಮಿಷಕ್ಕೆ ವೈಫೈಯೂ ಹೋಯಿತು. ತಿರುಗಿ ಬಟ್ಟಲಿನ ಮುಚ್ಚಳ ಮರೆತೆನೆಂದು ಬಂದಳು. ವೈಫೈ ಬಂತು. ಹೋದಳು. ಹೋಯಿತು.

ಎದುರು ಮನೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವಳು ಉಡಚಮ್ಮ. ಎಂಬತ್ತು ದಾಟಿದ ಮುದುಕಿ, ಓಣಿಯಲ್ಲಿ ಯಾರು ಎಷ್ಟು ಸಲ ಸೀನಿದರೆಂಬುದೂ ಅವಳಿಗೆ ಗೊತ್ತು. ಕೋಲೂರಿಕೊಂಡು ದಾಟಿ ಬಂದು ತೀರ್ಪು ಕೊಟ್ಟಳು.

"ಗಾಳೇಶಾ, ಸರ್ದಾರಬೀ ಒಳಗ ಬಂದ್ರ ಬರ್ತೈತಿ, ಹೋದ್ರ ಹೋಗ್ತೈತಿ. ಅದು ಕಾಲ್ಗುಣ. ಆಕೀನ ಕರಕೊಂಡು ಬಂದು ಕುಂದರ್ಸು."

"ಯವ್ವಾ, ಇದು ರೇಡಿಯೋ ಅಲೆ. ಇದಕ ಕಾಲು ಗೊತ್ತಾಗಂಗಿಲ್ಲ, ಕೈ ಗೊತ್ತಾಗಂಗಿಲ್ಲ," ಎಂದು ಗಾಳೇಶ ನಕ್ಕ. ವಿಜ್ಞಾನ ಓದಿದವನ ನಗೆ ಅದು. ಹತ್ತೂ ಐವತ್ತಕ್ಕೆ, ಸಾಹೇಬರ ಹೆಸರು ಪರದೆಯ ಮೇಲೆ ಮೂಡಿ ಮುರುಟಿದ್ದನ್ನು ನೋಡಿ, ಅದೇ ವಿಜ್ಞಾನ ಓದಿದವನು ಬರಿಗಾಲಲ್ಲಿ ಪಕ್ಕದ ಮನೆಗೆ ಓಡಿದ.

"ಆಪಾ, ಒಂಚೂರು ಬರ್ರಿ. ರೇಣುಕಾ ಕರಿಯಾಕತ್ತಾಳ."

"ಶೇಂಗಾ ಹುರಿಯಾಕತ್ತೀನ್ರಿ ಮಾಸ್ತರ."

"ಶೇಂಗಾ ಎಲ್ಲಿ ಓಡಿ ಹೋಗಂಗಿಲ್ರಿ. ಬರ್ರಿ."

ಸರ್ದಾರಬೀ ಕೈ ಒರೆಸಿಕೊಳ್ಳುತ್ತ ಬಂದು ಕುರ್ಚಿಯ ಮೇಲೆ ಕೂತಳು. ವೈಫೈ ಬಂತು. ಹನ್ನೊಂದು ಹೊಡೆಯಿತು. "ಎಲ್ಲರಿಗೂ ನಮಸ್ಕಾರ," ಎಂದು ಗಾಳೇಶ ಪೂರ್ತಿ ವಾಕ್ಯವನ್ನು ಮೊದಲ ಬಾರಿಗೆ ಮುಗಿಸಿದ. ಅತ್ತಲಿಂದ ಇನ್ನೂರು ನಮಸ್ಕಾರಗಳು ಬಂದವು. ಇಪ್ಪತ್ತು ನಿಮಿಷ ಅವನು ಕಾಲುವೆಗೆ ಬಿಟ್ಟ ನೀರಿನ ಹಾಗೆ ಹರಿದ.

ಇತ್ತ ಸರ್ದಾರಬೀ ಪಿಸುಗುಟ್ಟಿದಳು. "ಯಾಕ ಕರಸ್ದಿ ರೇಣುಕಾ?"

ರೇಣುಕಾ ಒಮ್ಮೆ ಗಂಡನತ್ತ, ಒಮ್ಮೆ ಸರ್ದಾರಬೀಯತ್ತ ನೋಡಿದಳು. "ಆಪಾ, ನಮಗ ನಾಕು ಕಿಲೋ ಶೇಂಗಾ ಹಿಂಡಿ ಬೇಕಿತ್ತು," ಅಂದುಬಿಟ್ಟಳು.

"ನಾಕು ಕಿಲೋ ಅಂದ್ರ ಈಗಿಂದೀಗ ಹೋಗಿ ಹುರೀಬೇಕು," ಎಂದು ಸರ್ದಾರಬೀ ಎದ್ದೇಬಿಟ್ಟಳು. ಗಾಳೇಶ ಮಾತನಾಡುತ್ತಲೇ ಹೆಂಡತಿಯನ್ನು ನೋಡಿದ ನೋಟವನ್ನು ಇನ್ನೂರು ಶಿಕ್ಷಕರು ತಮ್ಮನ್ನೇ ನೋಡಿದ್ದೆಂದು ತಿಳಿದು ನೆಟ್ಟಗೆ ಕೂತರು.

ಉಡಚಮ್ಮ ಕೋಲು ಅಡ್ಡ ಹಿಡಿದಳು. "ಕುಂದ್ರವ್ವಾ. ಖರೇ ಹೇಳ್ತೀನಿ. ನೀ ಇದ್ರ ಈ ಮನಿಗೆ ನೆಟ್ ಬರ್ತೈತಿ. ನಿನ್ನ ಕಾಲ್ಗುಣ ಅಂಥಾದ್ದು."

ಸರ್ದಾರಬೀ ಕೂತಳು. "ನಮ್ಮತ್ತಿ ಇರೂತನಾ ಒಂದ ಮಾತು ಅಂತಿದ್ಲು. ನಾ ಕಾಲಿಟ್ಟ ದಿನಾನ ಎಮ್ಮಿ ಬತ್ತಿತು ಅಂತ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಏಳಂಗಿಲ್ಲ ನಡೀರಿ. ಆದ್ರ ನಾಕು ಕಿಲೋ ಹುರಿಯೋದು ಹೆಂಗ?"

"ಅದಕ್ಯಾಕ ಚಿಂತಿ. ಹುರಿಯೋ ಸಾಮಾನ ಇಲ್ಲಿಗೇ ತರ್ತೀನಿ," ಎಂದು ದ್ಯಾಮಣ್ಣ ಎದ್ದ.

ಬಾಣಲೆ ತರುತ್ತಾನೆಂದು ಎಲ್ಲರೂ ತಿಳಿದಿದ್ದರು. ದ್ಯಾಮಣ್ಣ ತಂದದ್ದು ತೊಟ್ಟಿಲಿನಷ್ಟು ದೊಡ್ಡ ಬಿಳಿ ಪೆಟ್ಟಿಗೆ. ಹತ್ತು ದಿನದ ಹಿಂದೆ ಸರ್ದಾರಬೀಯ ಮಗಳು ಕೊಪ್ಪಳದಿಂದ ತಂದುಕೊಟ್ಟ ಓವನ್. "ಒಲಿ ಇಲ್ಲ, ಹೊಗಿ ಇಲ್ಲ, ಮೂರು ಮಿನಿಟಿಗೆ ಒಂದು ತಾಟು ಶೇಂಗಾ," ಎಂದು ಸರ್ದಾರಬೀ ಅಭಿಮಾನದಿಂದ ಹೇಳಿದಳು. ಗೂಡಿನ ಕೆಳಗೆ ಸ್ಟೂಲಿನ ಮೇಲೆ ಅದನ್ನಿಟ್ಟು, ತಾಟು ಒಳಗೆ ತಳ್ಳಿ, ಗುಂಡಿ ತಿರುಗಿಸಿದಳು. ಗುಂಯ್ ಎಂದು ಸದ್ದಾಯಿತು.

ಪರದೆಯ ಮೇಲೆ ಗಾಳೇಶ 'ರೂಟರ್' ಎಂಬ ಮಾತಿನ 'ರೂ' ಅಕ್ಷರಕ್ಕೆ ತುಟಿ ಮುಂದೆ ಮಾಡಿಕೊಂಡು, ಊದುಗೊಳವೆ ಊದುವವನಂತೆ ನಿಂತುಬಿಟ್ಟ.

ಓಣಿಯಲ್ಲಿ ವಾಯರ್ ಹರಿದಿರಬೇಕೆಂದು ಗಾಳೇಶ ಹೊರಗೆ ಓಡಿದ. ಕಂಬ ನೋಡುತ್ತ ನಿಂತಿದ್ದಾಗ ಒಳಗೆ ಟಿಣ್ ಎಂದಿತು. "ಬಂತು, ಬರ್ರಿ," ಎಂದು ರೇಣುಕಾ ಕೂಗಿದಳು. ಅವನು ಓಡಿ ಬಂದು ಕೂರುವಷ್ಟರಲ್ಲಿ ಸರ್ದಾರಬೀ ಎರಡನೆಯ ತಾಟು ಇಟ್ಟಿದ್ದಳು. ಹೋಯಿತು. ಮತ್ತೆ ಕಂಬಕ್ಕೆ ಓಡಿದ. ಬಂತು. ಒಳಗೆ ಬಂದ. ಮೂರನೆಯ ತಾಟು. ಹೋಯಿತು.

ಉಡಚಮ್ಮ ನಿಟ್ಟುಸಿರು ಬಿಟ್ಟಳು. "ಸರ್ದಾರಬೀ ಕಾಲ್ಗುಣದಾಗ ಕೊರತಿ ಏನೂ ಇಲ್ಲ. ಗಾಳೇಶಾ, ನೀ ಹೊರಗ ಹೋದ್ರ ಬರ್ತೈತಿ, ಒಳಗ ಬಂದ್ರ ಹೋಗ್ತೈತಿ. ಹೊರಗ ನಿಂದ್ರಪಾ."

"ಯವ್ವಾ, ತರಬೇತಿ ಕೊಡಾಂವ ನಾನು."

"ನೀ ಒಳಗಿದ್ರ ಕೊಡೂದು ಎಲ್ಲಿಂದ?"

ಅಷ್ಟರಲ್ಲಿ ದ್ಯಾಮಣ್ಣ ಅವನ ತೋಳು ಹಿಡಿದು ಹೊಸ್ತಿಲು ದಾಟಿಸಿದ್ದ, ರೇಣುಕಾ ಬಾಗಿಲು ಹಾಕಿ ಅಗಳಿ ಜಡಿದಿದ್ದಳು. ಒಳಗೆ ಟಿಣ್ ಎಂದಿತು. ದ್ಯಾಮಣ್ಣ ತಂದಿದ್ದ ಶೇಂಗಾ ಮುಗಿದಿದ್ದವು, ಸರ್ದಾರಬೀ ಸಿಪ್ಪೆ ತಿಕ್ಕಲು ಕೂತಳು. ವೈಫೈ ಬಂತು, ಬಂದದ್ದು ಮತ್ತೆ ಹೋಗಲಿಲ್ಲ.

ಮೇ ತಿಂಗಳ ಬಿಸಿಲು ಗಾಳೇಶನ ನೆತ್ತಿಯ ಮೇಲೆ ಕಾದ ಹಂಚು ಇಟ್ಟಂತೆ ಕೂತಿತು. ಹುರಿದ ಶೇಂಗಾದ ವಾಸನೆ ಕಿಟಕಿಯಿಂದ ಬಂತು. ಆಗಲೇ ನಡೆದದ್ದನ್ನು ಅವನು ತಲೆಯಲ್ಲಿ ತಿರುವಿ ಹಾಕಿದ. ಮೂರು ನಿಮಿಷ, ಟಿಣ್, ಬಂತು. ಗುಂಯ್, ಹೋಯಿತು. ಮೂರು ನಿಮಿಷ. ಅವನಿಗೆ ತಟ್ಟನೆ ಹೊಳೆಯಿತು. ಮೈಕ್ರೋವೇವ್ ಓವನ್ನಿನ ಅಲೆಯೂ ವೈಫೈಯ ಅಲೆಯೂ ಒಂದೇ ಓಣಿಯಲ್ಲಿ ಓಡಾಡುವ ಅಲೆಗಳು. ಹತ್ತು ದಿನದಿಂದ ಗೋಡೆಯ ಆಚೆ ಕೂತು ತನ್ನ ರೂಟರಿನ ಬಾಯಿ ಮುಚ್ಚಿಸುತ್ತಿದ್ದದ್ದು ಆ ಪೆಟ್ಟಿಗೆ. ಸರ್ದಾರಬೀ ಇಲ್ಲಿಗೆ ಬಂದಾಗಲೆಲ್ಲ ಅಲ್ಲಿ ಅದು ಆರಿರುತ್ತಿತ್ತು, ಅಷ್ಟೇ. ಅವನು ಕಿಟಕಿಯ ಸರಳು ಹಿಡಿದುಕೊಂಡ.

"ಆಪಾ, ತಪ್ಪು ನನ್ನ ಕಾಲಿಂದಲ್ರಿ, ಓವನ್ನಿಂದು. ಒಮ್ಮಿ ಚಾಲೂ ಮಾಡ್ರಿ, ತೋರಸ್ತೀನಿ."

"ಶೇಂಗಾ ತೀರ್ಯಾವ್ರಿ ಮಾಸ್ತರ. ಖಾಲಿ ತಿರುಗಿಸಿದ್ರ ಸುಟ್ಟು ಹೋಗ್ತೈತಿ ಅಂತ ಮಗಳು ಹೇಳ್ಯಾಳ."

"ಹಂಗಾದ್ರ ಒಂದು ವಾಟಗಾ ನೀರು ಇಡ್ರಿ."

ಉಡಚಮ್ಮ ಅವನನ್ನು ಕರುಣೆಯಿಂದ ನೋಡಿದಳು. "ನೀರು ಯಾರರ ಹುರೀತಾರೇನೋ ತಮ್ಮಾ? ನೆರಳಿಗೆ ನಿಂದ್ರು, ಬಿಸಲು ತಲಿಗೇರೇತಿ."

ಅಷ್ಟರಲ್ಲಿ ಪರದೆಯಿಂದ ಸಾಹೇಬರ ದನಿ ಕೇಳಿತು. "ಗಾಳೇಶ ಎಲ್ಲಿ ಹೋದ್ರು? ಅಲ್ಲಿ ಕುಂತವ್ರು ಯಾರು?"

"ನಾನ್ರಿ, ಬಾಜೂ ಮನಿ ಸರ್ದಾರಬೀ. ಮಾಸ್ತರ ಹೊರಗ ನಿಂತಾರ್ರಿ. ಅವ್ರು ಒಳಗ ಬಂದ್ರ ನೆಟ್ ಹೋಗ್ತೈತಿ."

ಸಾಹೇಬರು ಕನ್ನಡಕ ಏರಿಸಿಕೊಂಡು ಪರದೆಗೆ ಬಾಗಿದರು. "ಹಂಗಾದ್ರ ಅವ್ರು ಅಲ್ಲೇ ಇರಲಿ. ನಿಮ್ಮ ಕೈಯಾಗ ಏನದು?"

"ಶೇಂಗಾ ಹಿಂಡಿಗೆ ಸಿಪ್ಪಿ ತಿಕ್ಕಾಕತ್ತೀನ್ರಿ."

"ಬಳ್ಳೊಳ್ಳಿ ಎಷ್ಟು ಹಾಕ್ತೀರಿ?" ಎಂದು ಯಾರೋ ಶಿಕ್ಷಕಿ ಕೇಳಿದಳು. ಅಲ್ಲಿಗೆ ಕಟ್ಟೆ ಒಡೆಯಿತು. ಕೆಂಪು ಖಾರ ಹಾಕಬೇಕೋ ಹಸಿ ಖಾರವೋ, ಕುಟ್ಟಬೇಕೋ ರುಬ್ಬಬೇಕೋ, ಜೀರಿಗೆ ಯಾವಾಗ, ತಿಂಗಳು ಇಟ್ಟರೆ ಮುಗ್ಗುತ್ತದೆಯೇ. ಜಿಲ್ಲೆಯಿಂದ ನೋಡುತ್ತಿದ್ದ ಹಿರಿಯರೊಬ್ಬರು ಬೆಲ್ಲದ ಬಗ್ಗೆ ಎರಡು ಸಲ ಪ್ರಶ್ನೆ ಹಾಕಿದರು. ಸರ್ದಾರಬೀ ಒಬ್ಬೊಬ್ಬರಿಗೂ ಸಮಾಧಾನವಾಗಿ ಉತ್ತರ ಕೊಟ್ಟಳು, ದ್ಯಾಮಣ್ಣ ನಡುನಡುವೆ ಬಾಯಿ ಹಾಕಿ ಅರ್ಥಿಂಗಿನ ಮಹತ್ವ ಹೇಳಿದ. ಒಂದು ಗಂಟೆಗೆ ಮುಗಿಯಬೇಕಿದ್ದ ತರಬೇತಿ ಒಂದೂವರೆವರೆಗೆ ನಡೆಯಿತು, ಒಬ್ಬರೂ ಎದ್ದುಹೋಗಲಿಲ್ಲ. ಗಾಳೇಶ ಕಿಟಕಿಯ ಹೊರಗೆ ನಿಂತು ಎಲ್ಲವನ್ನೂ ಕೇಳಿದ.

ಎರಡಕ್ಕೆ ಅವನು ಓಣಿಯ ಬಾಯಿಗೆ ಹೋಗಿ ಸಾಹೇಬರಿಗೆ ಫೋನ್ ಮಾಡಿದ. ಓವನ್ನು, ಅಲೆ, ಗೋಡೆ, ಎಲ್ಲವನ್ನೂ ಬಿಡಿಸಿ ಹೇಳಿದ. ಸಾಹೇಬರು ತಾಳ್ಮೆಯಿಂದ ಕೇಳಿದರು.

"ಗಾಳೇಶ, ನನಗ ತಾಂತ್ರಿಕ ವಿಷಯ ತಿಳಿಯಂಗಿಲ್ಲ. ಎರಡು ಸಲ ನೀವು ಒಳಗಿದ್ರಿ, ನಡೀಲಿಲ್ಲ. ಒಮ್ಮಿ ಹೊರಗಿದ್ರಿ, ಭಾಳ ಛಲೋ ನಡೀತು. ಮುಂದಿನ ಗುರುವಾರಾನೂ ಹಂಗ ಮಾಡ್ರಿ. ನೋಟಿಸ್ ಬರಿಯಂಗಿಲ್ಲ, ಆದ್ರ ಒಳಗ ಬಂದ್ರಿ ಅಂದ್ರ ಬರೀತೀನಿ."

ಗಾಳೇಶನಿಗೆ ಇನ್ನು ಉಳಿದದ್ದು ಒಂದೇ ದಾರಿ. ಸಂಜೆ ಐದಕ್ಕೆ, ಓವನ್ನು ಮರಳಿ ತನ್ನ ಮನೆ ಸೇರಿ, ಹೊಸ ಶೇಂಗಾ ಬಂದು, ಗುಂಯ್ ಎಂಬ ಸದ್ದು ಶುರುವಾದದ್ದನ್ನು ಖಚಿತ ಮಾಡಿಕೊಂಡು, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಹಿಡಿದು ಸರ್ದಾರಬೀಯ ಮನೆಗೆ ಹೊರಟ. ಅವಳಿಗೆ ನೋವಾಗದ ಹಾಗೆ, ಕಣ್ಣಿಗೆ ಕಾಣುವ ಹಾಗೆ ತೋರಿಸಿಬಿಡಬೇಕು. ಬಾಗಿಲು ತೆರೆದಿತ್ತು. ಒಳಗೆ ಫ್ಯಾನ್ ತಿರುಗುತ್ತಿತ್ತು, ಓವನ್ನಿನ ಹೊಟ್ಟೆಯಲ್ಲಿ ದೀಪ ಉರಿಯುತ್ತಿತ್ತು, ಸರ್ದಾರಬೀ ಅದರ ಮುಂದೆ ಕೂತು ಉಡಚಮ್ಮನಿಗೆ ಚಹಾ ಕೊಡುತ್ತಿದ್ದಳು.

"ಆಪಾ," ಎಂದು ಗಾಳೇಶ ಬಲಗಾಲನ್ನು ಹೊಸ್ತಿಲ ಒಳಗಿಟ್ಟ.

ಕರೆಂಟು ಹೋಯಿತು.

ಫ್ಯಾನ್ ನಿಧಾನಕ್ಕೆ ನಿಂತಿತು. ಓವನ್ನಿನ ದೀಪ ಆರಿತು. ಸರ್ದಾರಬೀ ಮೊದಲು ಓವನ್ನನ್ನು ನೋಡಿದಳು, ಆಮೇಲೆ ಅವನ ಕಾಲನ್ನು ನೋಡಿದಳು. ಉಡಚಮ್ಮ ಸೊರ್ ಎಂದು ಚಹಾ ಹೀರಿದಳು.

"ಮಾಸ್ತರ," ಸರ್ದಾರಬೀ ಬಹಳ ಮೆತ್ತಗೆ ಅಂದಳು, "ಬ್ಯಾಸರ ಮಾಡ್ಕೋಬ್ಯಾಡ್ರಿ. ಏನಿದ್ರೂ ಹೊರಗ ನಿಂತ ಹೇಳ್ರಿ."

ಗಾಳೇಶ ಕಾಲು ಹಿಂದಕ್ಕೆ ತೆಗೆದ. ಫ್ಯಾನ್ ತಿರುಗಿತು, ಓವನ್ನು ಗುಂಯ್ ಎಂದಿತು.

ಅವನು ಆ ಕಾಲನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತ. ಇನ್ನೊಮ್ಮೆ ಒಳಗಿಟ್ಟು ನೋಡುವ ಧೈರ್ಯ ವಿಜ್ಞಾನ ಮಾಸ್ತರನಿಗೆ ಬರಲಿಲ್ಲ.